ಖಿದಿರ್‌ಪುರದ ತಾರಸಿಯಲ್ಲಿ ಕೇಪಳ ಮತ್ತು ದಾಸವಾಳ

ಕೋಲ್ಕತ್ತದ ಕೋಟೆ ಮತ್ತು ಮೈದಾನಗಳಿಗೆ ದಕ್ಷಿಣದಲ್ಲಿ, ಟಾಲಿ ನಾಲೆಯನ್ನು ದಾಟಿದ ಕೂಡಲೇ ಹೂಗ್ಲಿ ನದಿಯ ಪೂರ್ವದಂಡೆಗೆ ಹೊಂದಿಕೊಂಡು ಹಬ್ಬಿರುವ ಖಿದಿರ್‌ಪುರವು, 1892ರಲ್ಲಿ ತೆರೆದ ಹಡಗುಕಟ್ಟೆಗಳಿಂದಾಗಿ ಬಂದರಿನ ಬಡಾವಣೆಯೆಂದೇ ಹೆಸರಾಗಿದೆ. ಸರಕು ಲಾರಿಗಳ ಸಂಚಾರ, ಒತ್ತೊತ್ತಾಗಿ ನಿಂತ ಮನೆಗಳು, ಕಿರಿದಾದ ಗಲ್ಲಿಗಳು ಇರುವ ಇಂಥ ಕಡೆ ಅಂಗಳವೆಂಬುದು ಅಪರೂಪವಾದ್ದರಿಂದ ಹೂಗಿಡಗಳೆಲ್ಲ ಮಹಡಿಯ ಮೇಲಕ್ಕೆ ಹತ್ತಿವೆ. ಬಂಗಾಳಿಗಳು ‘ಛಾದ್ ಬಾಗಾನ್’ ಎಂದು ಕರೆಯುವ ಈ ತಾರಸಿ ತೋಟಗಳಲ್ಲಿ ಕನ್ನಡನಾಡಿನ ಹಿತ್ತಿಲಿನಿಂದ ಹೋದವರಿಗೆ ಅಪರಿಚಿತವೆನಿಸುವ ಹೂ ಕಡಿಮೆ. ಅಲ್ಲಿನ ಜಬಾ ಎಂದರೆ ದಾಸವಾಳ, ರಂಗನ್ ಎಂದರೆ ಕೇಪಳ, ಬೇಲ್‌ಫೂಲ್ ಎಂದರೆ ದುಂಡುಮಲ್ಲಿಗೆ, ಟಗರ್ ಎಂದರೆ ನಂದಿಬಟ್ಟಲು, ಶಿಉಲಿ ಎಂದರೆ ಪಾರಿಜಾತ, ಅಪರಾಜಿತಾ ಎಂದರೆ ಶಂಖಪುಷ್ಪ. ಗಿಡಗಳು ಅವೇ ಆದರೂ ಮಣ್ಣು, ಬಿಸಿಲು, ಮಳೆ ಬೇರೆಯಾದಾಗ ಆರೈಕೆಯೂ ಬದಲಾಗಬೇಕಾಗುತ್ತದೆ ಎಂಬುದನ್ನು ಅರಿಯಲು ಖಿದಿರ್‌ಪುರದಷ್ಟು ತಕ್ಕ ಸ್ಥಳ ಇನ್ನೊಂದಿರಲಾರದು. ಏಕೆಂದರೆ ಭಾರತದ ಮನೆಗಳನ್ನು ಸೇರಿರುವ ಉಷ್ಣವಲಯದ ಹೂಗಿಡಗಳಲ್ಲಿ ಅನೇಕವು ಈ ಬಡಾವಣೆಯ ಆಸುಪಾಸಿನಲ್ಲಿಯೇ ಮೊದಲು ಬೇರೂರಿ, ಪರೀಕ್ಷೆಗೊಳಗಾಗಿ, ಬಳಿಕ ಉಳಿದೆಡೆಗೆ ಹಂಚಿಹೋದವು.

ಖಿದಿರ್‌ಪುರದಿಂದ ಕೆಲವೇ ಕಿಲೋಮೀಟರು ದೂರದಲ್ಲಿ, ನದಿಯ ಆಚೆಯ ಶಿಬ್‌ಪುರದಲ್ಲಿರುವ ಆಚಾರ್ಯ ಜಗದೀಶಚಂದ್ರ ಬೋಸ್ ಭಾರತೀಯ ಸಸ್ಯೋದ್ಯಾನವನ್ನು 1787ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ರಾಬರ್ಟ್ ಕಿಡ್ ಆರಂಭಿಸಿದನು. 1793ರಿಂದ 1813ರವರೆಗೆ ಅದರ ಹೊಣೆ ಹೊತ್ತಿದ್ದ ವಿಲಿಯಂ ರಾಕ್ಸ್‌ಬರ್ಗ್ ದೇಶದ ಮೂಲೆಮೂಲೆಗಳಿಂದಲೂ ಹೊರದೇಶಗಳಿಂದಲೂ ಸಸಿಗಳನ್ನು ತರಿಸಿ, ಬೆಳೆಸಿ, ಭಾರತೀಯ ಕಲಾವಿದರ ಕೈಯಿಂದ ಚಿತ್ರ ಬರೆಸಿದನು. ಖಿದಿರ್‌ಪುರಕ್ಕೆ ಅಂಟಿಕೊಂಡೇ ಇರುವ ಆಲಿಪುರದಲ್ಲಿ ಭಾರತೀಯ ಕೃಷಿ ಮತ್ತು ತೋಟಗಾರಿಕಾ ಸಂಘದ ತೋಟವಿದೆ. 1820ರಲ್ಲಿ ಈ ಸಂಘವನ್ನು ಕಟ್ಟಿದ ವಿಲಿಯಂ ಕೇರಿಯ ಹೆಸರು ಕನ್ನಡಿಗರಿಗೆ ಇನ್ನೊಂದು ಕಾರಣದಿಂದಲೂ ಪರಿಚಿತ. 1817ರಲ್ಲಿ ಶ್ರೀರಾಮಪುರದ ಮುದ್ರಣಾಲಯದಿಂದ ಹೊರಬಂದ ಕನ್ನಡ ವ್ಯಾಕರಣವನ್ನು ಬರೆದವನು ಇವನೇ. ಬೆಂಗಳೂರಿನ ಲಾಲ್‌ಬಾಗ್ ಕೂಡ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕೆಲಕಾಲ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಣೆಗೆ ಒಳಪಟ್ಟಿತ್ತು. ಈ ನಂಟಿಗೆ ಎರಡು ಬಳ್ಳಿಗಳು ಒಳ್ಳೆಯ ಸಾಕ್ಷಿ. ಅಗಲವಾದ ತಿಳಿನೀಲಿ ಹೂಗಳನ್ನು ಬಿಡುವ ತನ್‌ಬರ್ಜಿಯಾ ಗ್ರಾಂಡಿಫ್ಲೋರಾ ಬಂಗಾಳದ ಕಡೆಯದು, ಅದನ್ನು ವರ್ಣಿಸಿದವನು ರಾಕ್ಸ್‌ಬರ್ಗ್. ಹಳದಿ ಮತ್ತು ಕೆಂಗಂದು ಬಣ್ಣದ ಹೂಗಳನ್ನು ಉದ್ದನೆಯ ಗೊಂಚಲುಗಳಲ್ಲಿ ಇಳಿಬಿಟ್ಟು ಸೂರಕ್ಕಿಗಳನ್ನು ಸೆಳೆಯುವ ತನ್‌ಬರ್ಜಿಯಾ ಮೈಸೂರೆನ್ಸಿಸ್ ಪಶ್ಚಿಮಘಟ್ಟದ್ದು, ಅದರ ಈಗಿನ ವೈಜ್ಞಾನಿಕ ಹೆಸರಿನೊಂದಿಗೆ 1860ರ ದಶಕದಲ್ಲಿ ಶಿಬ್‌ಪುರದ ತೋಟದ ಮುಖ್ಯಸ್ಥನಾಗಿದ್ದ ಥಾಮಸ್ ಆಂಡರ್ಸನ್‌ನ ಹೆಸರು ಸೇರಿಕೊಂಡಿದೆ. ಆದರೆ ಒಂದೇ ಕುಲದ ಈ ಎರಡು ಬಳ್ಳಿಗಳ ಸ್ವಭಾವ ಒಂದೇ ಅಲ್ಲ. ಮೊದಲನೆಯದು ಖಿದಿರ್‌ಪುರದ ಯಾವ ಗೋಡೆಗಾದರೂ ಹಬ್ಬೀತು. ಎರಡನೆಯದು ಘಟ್ಟದ ತಂಪು ಇಳಿಜಾರಿನದಾದ್ದರಿಂದ, ಬೇಸಿಗೆಯ ರಾತ್ರಿಯಲ್ಲಿಯೂ ಕಾವು ಇಳಿಯದ ನಗರಕ್ಕಿಂತ ಮಡಿಕೇರಿ ಅಥವಾ ಬೆಂಗಳೂರೇ ಅದಕ್ಕೆ ಹೆಚ್ಚು ಒಪ್ಪುತ್ತದೆ.

ಉಷ್ಣವಲಯವೆಂದರೆ ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಣ ಭೂಭಾಗ. ಅದರೊಳಗೆ ವರ್ಷವಿಡೀ ತೊಯ್ದಿರುವ ಕಾಡುಗಳೂ ಇವೆ, ಆರು ತಿಂಗಳು ಒಣಗಿ ನಿಲ್ಲುವ ಕುರುಚಲು ಬಯಲುಗಳೂ ಇವೆ, ಮಣ್ಣಿನ ಗಂಧವೂ ಸೋಂಕದ ಮರದ ಕೊಂಬೆಗಳ ಮೇಲೆಯೇ ಬದುಕುವ ಸಸ್ಯಗಳೂ ಇವೆ. ಇವೆಲ್ಲವನ್ನೂ ‘ಬಿಸಿಯೂರಿನ ಗಿಡ’ ಎಂಬ ಒಂದೇ ಹಣೆಪಟ್ಟಿಯಡಿ ತಂದು, ದಿನಕ್ಕೆರಡು ಬಾರಿ ನೀರು ಹಾಗೂ ತಿಂಗಳಿಗೊಮ್ಮೆ ಗೊಬ್ಬರವೆಂಬ ಒಂದೇ ಕಟ್ಟಳೆಗೆ ಒಳಪಡಿಸುವುದು ಮನೆತೋಟಗಳಲ್ಲಿ ಗಿಡಗಳು ಸಾಯಲು ಮುಖ್ಯ ಕಾರಣ. ಗಿಡ ಎಲ್ಲಿಂದ ಬಂದಿತು, ಅಲ್ಲಿನ ಮಣ್ಣು ಎಂಥದು, ಅಲ್ಲಿ ಒಣಗಾಲ ಎಷ್ಟು ದೀರ್ಘ ಎಂಬುದನ್ನು ತಿಳಿದು, ಅದರಲ್ಲಿ ಸಾಧ್ಯವಾದಷ್ಟನ್ನು ಕುಂಡದೊಳಗೆ ಒದಗಿಸಿಕೊಡುವುದೇ ಆರೈಕೆ. ಕೋಲ್ಕತ್ತ ಕರ್ಕಾಟಕ ವೃತ್ತಕ್ಕಿಂತ ತುಸುವೇ ಕೆಳಗೆ, ಸುಮಾರು 22.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರು ಎತ್ತರದಲ್ಲಿದೆ. ವರ್ಷಕ್ಕೆ 1,600 ಮಿಲಿಮೀಟರಿಗೂ ಹೆಚ್ಚು ಬೀಳುವ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದುಹೋಗುತ್ತದೆ. ಜನವರಿಯ ಬೆಳಗಿನ ಜಾವದಲ್ಲಿ ತಾಪಮಾನ 13-14 ಡಿಗ್ರಿಗೆ ಇಳಿಯುತ್ತದೆ. ಮಂಗಳೂರಿನ ಮಳೆಗೆ ಹೋಲಿಸಿದರೆ ಇಲ್ಲಿನ ಮಳೆ ಅರ್ಧಕ್ಕೂ ಕಡಿಮೆ, ಬೆಂಗಳೂರಿಗೆ ಹೋಲಿಸಿದರೆ ಬಹಳ ಹೆಚ್ಚು.

ಮೊದಲು ನೋಡಬೇಕಾದದ್ದು ಮಣ್ಣನ್ನು. ಗಂಗೆಯು ತಂದು ಹರಡಿದ ಮೆಕ್ಕಲು ಮಣ್ಣು ಫಲವತ್ತಾದುದೇ ಆದರೂ ಅದರ ಕಣಗಳು ಅತಿ ನುಣುಪು. ಗದ್ದೆಯಲ್ಲಿ ಗುಣವೆನಿಸುವ ಈ ನುಣುಪು ಕುಂಡದಲ್ಲಿ ದೋಷವಾಗುತ್ತದೆ, ಏಕೆಂದರೆ ನಾಲ್ಕಾರು ಬಾರಿ ನೀರು ಕುಡಿದ ಮೇಲೆ ಅದು ಗಟ್ಟಿಯಾಗಿ ಕೂತು, ಕಣಗಳ ನಡುವೆ ಗಾಳಿಗೆ ಎಡೆಯೇ ಉಳಿಯುವುದಿಲ್ಲ. ಬೇರುಗಳೂ ಉಸಿರಾಡುತ್ತವೆ; ಮಣ್ಣಿನ ಸಂದುಗಳಲ್ಲಿ ಗಾಳಿಯ ಜಾಗವನ್ನು ನೀರೇ ತುಂಬಿಕೊಂಡು ದಿನಗಟ್ಟಲೆ ನಿಂತರೆ ಆಮ್ಲಜನಕವಿಲ್ಲದೆ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರು ಹೀರಲಾರದೆ ಎಲೆ ಬಾಡುತ್ತದೆ, ಬಾಡಿದ ಎಲೆಯನ್ನು ಕಂಡ ಮನೆಯವರು ಇನ್ನಷ್ಟು ನೀರು ಸುರಿಯುತ್ತಾರೆ. ಕುಂಡದ ತಳದಲ್ಲಿ ಜಲ್ಲಿ ಅಥವಾ ಹೆಂಚಿನ ಚೂರುಗಳನ್ನು ದಪ್ಪವಾಗಿ ಹರಡಿದರೆ ನೀರು ಚೆನ್ನಾಗಿ ಬಸಿಯುತ್ತದೆಂಬ ನಂಬಿಕೆ ಎಲ್ಲೆಡೆಯಿದೆ. ವಾಸ್ತವದಲ್ಲಿ ನುಣುಪು ಮಣ್ಣಿನೊಳಗಿನ ನೀರು ಕೆಳಗಿನ ದೊಡ್ಡ ಸಂದುಗಳಿಗೆ ಸುಲಭವಾಗಿ ಇಳಿಯದೆ ಜಲ್ಲಿಯ ಮೇಲೆಯೇ ತಡೆದು ನಿಲ್ಲುವುದರಿಂದ, ಜಲ್ಲಿ ಹಾಕಿದಷ್ಟೂ ಬೇರಿನ ಜಾಗ ಕಡಿಮೆಯಾಗುತ್ತದೆಯೇ ಹೊರತು ಬಸಿತ ಹೆಚ್ಚುವುದಿಲ್ಲ. ರಂಧ್ರ ಮುಚ್ಚದಂತೆ ಒಂದು ಹೆಂಚಿನ ಚೂರು ಸಾಕು. ಬದಲಿಸಬೇಕಾದದ್ದು ಇಡೀ ಮಿಶ್ರಣವನ್ನು. ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ದಪ್ಪ ಮರಳು ಅಥವಾ ಸುಟ್ಟ ಭತ್ತದ ಹೊಟ್ಟು ಸಮಪಾಲಿನಲ್ಲಿ ಸೇರಿ, ಅದಕ್ಕೆ ಹಿಡಿಯಷ್ಟು ಬೇವಿನ ಹಿಂಡಿ ಬೆರೆತರೆ ಹೆಚ್ಚಿನ ಹೂಗಿಡಗಳಿಗೆ ಒಪ್ಪುತ್ತದೆ.

ಇದೇ ಮೆಕ್ಕಲು ಮಣ್ಣು ಕರ್ನಾಟಕದ ಮನೆಗಳಿಗೂ ಬಂದು ಸೇರುತ್ತದೆ. ಬಂಗಾಳದ ನರ್ಸರಿಗಳಿಂದ ದೂರದೂರುಗಳಿಗೆ ಹೊರಡುವ ಸಸಿಗಳ ಬೇರಿನ ಸುತ್ತ ಜಿಗುಟು ಜೇಡಿಯನ್ನು ಉಂಡೆಗಟ್ಟಿರುತ್ತಾರೆ. ದಾರಿಯುದ್ದಕ್ಕೂ ತೇವ ಕಾಯುವ ಈ ಉಂಡೆ, ಹಾಗೆಯೇ ಸಡಿಲ ಮಣ್ಣಿನಲ್ಲಿ ನೆಟ್ಟಾಗ ಕಲ್ಲಿನಂತೆ ಗಟ್ಟಿಯಾಗಿ ಬೇರನ್ನು ಒಳಗೇ ಸೆರೆಹಿಡಿಯುತ್ತದೆ. ತಂದ ಸಸಿಯನ್ನು ಒಂದೆರಡು ವಾರ ನೆರಳಿನಲ್ಲಿಟ್ಟು, ಅದು ಊರಿನ ಹವೆಗೆ ಹೊಂದಿಕೊಂಡ ಮೇಲೆ ಉಂಡೆಯನ್ನು ಬಕೆಟ್ಟಿನ ನೀರಿನಲ್ಲಿ ನೆನೆಸಿಟ್ಟು, ಬೇರು ಹರಿಯದಂತೆ ಹೊರಗಿನ ಅರ್ಧದಷ್ಟು ಜೇಡಿಯನ್ನು ಬೆರಳಿನಿಂದ ಮೆಲ್ಲಗೆ ಕರಗಿಸಿ ತೆಗೆದು ನೆಡುವುದು ಸರಿಯಾದ ಕ್ರಮ. ಗಿಡ ಸತ್ತುದಕ್ಕೆ ನರ್ಸರಿಯವರನ್ನು ದೂರುವ ಮೊದಲು ಕಿತ್ತ ಗಿಡದ ಬೇರನ್ನು ಪರೀಕ್ಷಿಸಿದರೆ, ಈ ಉಂಡೆ ಇನ್ನೂ ಇಡಿಯಾಗಿಯೇ ಸಿಗುವ ಸಂಭವವಿದೆ.

ಮಣ್ಣಿನ ಪ್ರಭಾವವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವ ಗಿಡ ಕೇಪಳ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳ ಮುರಕಲ್ಲಿನ ಗುಡ್ಡಗಳಲ್ಲಿ ಯಾರೂ ನೀರೆರೆಯದೆ, ಗೊಬ್ಬರ ಹಾಕದೆ ಕೆಂಪು ಗೊಂಚಲುಗಳನ್ನು ಹೊತ್ತು ನಿಲ್ಲುವ ಈ ಪೊದೆ, ಕುಂಡದ ಮೆಕ್ಕಲು ಮಣ್ಣಿಗೆ ಬಂದಾಗ ಕೆಲವೇ ತಿಂಗಳುಗಳಲ್ಲಿ ಮಂಕಾಗುತ್ತದೆ. ಎಳೆಯ ಎಲೆಗಳನ್ನು ಹತ್ತಿರದಿಂದ ನೋಡಿದರೆ ನರಗಳು ಹಸಿರಾಗಿಯೇ ಉಳಿದು, ನರಗಳ ನಡುವಿನ ಭಾಗ ಮಾತ್ರ ಹಳದಿಯಾಗಿ, ಹಸಿರು ಬಲೆಯೊಂದನ್ನು ಹಳದಿ ಕಾಗದದ ಮೇಲೆ ಹರಡಿದಂತೆ ಕಾಣುತ್ತದೆ. ಹಳೆಯ ಎಲೆಗಳು ಹಸಿರಾಗಿಯೇ ಇರುತ್ತವೆ. ಇದು ಕಬ್ಬಿಣದ ಕೊರತೆಯ ಗುರುತು. ಮುರಕಲ್ಲಿನ ಮಣ್ಣು ಹುಳಿಗುಣದ್ದು, ಅಂದರೆ ಆಮ್ಲೀಯವಾದದ್ದು, ಅದರಲ್ಲಿ ಕಬ್ಬಿಣ ಕರಗಿ ಬೇರಿಗೆ ದಕ್ಕುತ್ತದೆ. ಕ್ಷಾರದ ಕಡೆಗೆ ವಾಲಿದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಕರಗದ ರೂಪದಲ್ಲಿ ಕಟ್ಟಿಹೋಗಿರುತ್ತದೆ, ಗಡಸು ನೀರನ್ನೇ ಹಾಕುತ್ತಿದ್ದರೆ ಈ ಕ್ಷಾರ ಇನ್ನಷ್ಟು ಹೆಚ್ಚುತ್ತದೆ. ಎಲೆಗೊಬ್ಬರವನ್ನು ಧಾರಾಳವಾಗಿ ಬೆರೆಸುವುದು, ಮಳೆನೀರನ್ನು ಹಿಡಿದಿಟ್ಟು ಬಳಸುವುದು, ಸಿಮೆಂಟಿನ ಕುಂಡವನ್ನು ಬಿಡುವುದು ಇದಕ್ಕೆ ನಿಧಾನವಾದರೂ ನೆಲೆಯಾದ ಪರಿಹಾರಗಳು. ಬೇಗ ಗುಣ ಕಾಣಬೇಕಿದ್ದರೆ ಒಂದು ಲೀಟರ್ ನೀರಿಗೆ ಒಂದೆರಡು ಗ್ರಾಂ ಅನ್ನಭೇದಿ ಕರಗಿಸಿ ಮಣ್ಣಿಗೆ ಹಾಕಬಹುದು. ಹಳದಿ ಎಲೆಯನ್ನು ಕಂಡು ಸಾರಜನಕದ ಗೊಬ್ಬರ ಸುರಿಯುವುದರಿಂದ ಏನೂ ಆಗದು.

ದಾಸವಾಳದ ಕಥೆ ಬೇರೆ. ಖಿದಿರ್‌ಪುರಕ್ಕೆ ಸಮೀಪದ ಕಾಳೀಘಾಟಿನ ದೇವಿಗೆ ಕೆಂಪು ದಾಸವಾಳವೇ ಪ್ರಿಯವೆಂಬ ಶ್ರದ್ಧೆಯಿಂದಾಗಿ ಆ ಗಿಡವಿಲ್ಲದ ತಾರಸಿ ಅಲ್ಲಿ ವಿರಳ. ಒಂದು ಹೂವಿನ ಬಾಳು ಬಹುಮಟ್ಟಿಗೆ ಒಂದೇ ದಿನದ್ದಾದ್ದರಿಂದ ದಿನವೂ ಹೂ ಸಿಗಬೇಕಾದರೆ ದಿನವೂ ಹೊಸ ಮೊಗ್ಗು ಬೇಕು. ಮೊಗ್ಗು ಮೂಡುವುದು ಹೊಸ ಚಿಗುರಿನ ಎಲೆಕಂಕುಳಲ್ಲಿ ಮಾತ್ರ. ಕತ್ತರಿ ಹಿಡಿಯಲು ಹೆದರುವ ಮನೆಗಳಲ್ಲಿ ದಾಸವಾಳವು ಉದ್ದುದ್ದ ಬರಿಗೊಂಬೆಗಳಾಗಿ ಬೆಳೆದು ತುದಿಯಲ್ಲಷ್ಟೇ ಎರಡು ಹೂ ಬಿಡುವುದು ಇದರಿಂದಲೇ. ಚಳಿ ಇಳಿಯುವ ಫೆಬ್ರವರಿಯಲ್ಲಿ ಪ್ರತಿ ಕೊಂಬೆಯ ಮೂರನೆಯ ಒಂದು ಭಾಗವನ್ನು, ಹೊರಮುಖವಾಗಿರುವ ಕಣ್ಣಿನ ಮೇಲ್ಗಡೆ ಓರೆಯಾಗಿ ಕತ್ತರಿಸಿದರೆ ಪಕ್ಕದ ಚಿಗುರುಗಳು ಒಡೆದು ಗಿಡ ತುಂಬಿಕೊಳ್ಳುತ್ತದೆ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳದ ಕಡೆ ಇದನ್ನು ಇಡುವುದರಲ್ಲಿ ಅರ್ಥವಿಲ್ಲ. ತಟ್ಟೆಯಗಲದ, ಎರಡು ಮೂರು ಬಣ್ಣಗಳ ಮಿಶ್ರತಳಿಗಳು ಕಣ್ಣಿಗೆ ಚೆಂದವೇ ಸರಿ, ಆದರೆ ಬಂಗಾಳದ ಮೇ ತಿಂಗಳ ಕಾವಿನಲ್ಲಿ ಅವು ಮೊಗ್ಗುದುರಿಸಿ ಸೊರಗುವಾಗ ಹಳೆಯ ಕೆಂಪು ನಾಟಿ ದಾಸವಾಳ ಕುಗ್ಗದೆ ಅರಳುತ್ತಿರುತ್ತದೆ. ಹೊಸದಾಗಿ ತೋಟ ಆರಂಭಿಸುವವರಿಗೆ ನಾಟಿಯೇ ಲೇಸು.

ಬಿಸಿಲಿನ ಲೆಕ್ಕ ತಾರಸಿಗಿಂತ ಬಾಲ್ಕನಿಯಲ್ಲಿ ಜಟಿಲ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಕೋಲ್ಕತ್ತದಲ್ಲಿ ನಡುಮಧ್ಯಾಹ್ನವೂ ಅವನ ಎತ್ತರ ಸುಮಾರು 44 ಡಿಗ್ರಿ ಮಾತ್ರ. ದಕ್ಷಿಣಮುಖದ ಬಾಲ್ಕನಿಯ ಒಳಗೋಡೆಯವರೆಗೂ ಬಿಸಿಲು ಹರಿಯುತ್ತದೆ. ಜೂನ್‌ನಲ್ಲಿ ಸೂರ್ಯ ನೆತ್ತಿಯ ಮೇಲೆ, ವಾಸ್ತವವಾಗಿ ಕೂದಲೆಳೆಯಷ್ಟು ಉತ್ತರಕ್ಕೆ ಸರಿದು ನಿಲ್ಲುವುದರಿಂದ ಅದೇ ಬಾಲ್ಕನಿಗೆ ಮೇಲಿನ ಚಾವಣಿಯ ನೆರಳೇ ಗತಿ. ಚಳಿಗಾಲದಲ್ಲಿ ಚೆನ್ನಾಗಿ ಹೂಬಿಟ್ಟ ಗಿಡ ಮಳೆಗಾಲದಲ್ಲಿ ಬರಿದಾಗುವುದಕ್ಕೆ ರೋಗವನ್ನೋ ಗೊಬ್ಬರವನ್ನೋ ಕಾರಣವೆಂದು ಹುಡುಕುವವರು ಈ ನೆರಳನ್ನು ಗಮನಿಸಬೇಕು. ಪೂರ್ವ, ಪಶ್ಚಿಮಗಳ ಬಾಲ್ಕನಿಗಳಿಗೆ ವರ್ಷವಿಡೀ ಅರ್ಧ ದಿನದ ಬಿಸಿಲು ದೊರೆಯುವುದರಿಂದ ಮಲ್ಲಿಗೆ, ನಂದಿಬಟ್ಟಲು, ಶಂಖಪುಷ್ಪಗಳಿಗೆ ಅವೇ ಉತ್ತಮ.

ತಾರಸಿಯ ಪೂರ್ಣ ಬಿಸಿಲಿಗೆ ಕಾಗದದ ಹೂವೆಂದು ಕರೆಯಲಾಗುವ ಬೋಗನ್‌ವಿಲ್ಲಾದಷ್ಟು ತಕ್ಕ ಗಿಡ ಮತ್ತೊಂದಿಲ್ಲ. ದಕ್ಷಿಣ ಅಮೆರಿಕದ ಈ ಬಳ್ಳಿಯಲ್ಲಿ ಬಣ್ಣ ತೋರುವುದು ಹೂವನ್ನು ಸುತ್ತುವರಿದ ಪುಷ್ಪಪತ್ರಗಳು, ಅಂದರೆ ರೂಪಾಂತರಗೊಂಡ ಎಲೆಗಳು. ನಿಜವಾದ ಹೂ ಅವುಗಳ ನಡುವಿನ ಸಣ್ಣ ಬಿಳಿಯ ಕೊಳವೆ. ಒಂದೇ ಗಿಡದಲ್ಲಿ ಬಿಳಿ ಮತ್ತು ಗುಲಾಬಿ ಎರಡನ್ನೂ ಬಿಡುವ ಪ್ರಸಿದ್ಧ ‘ಮೇರಿ ಪಾಮರ್’ ತಳಿ ಆಲಿಪುರದ ಸಂಘದ ತೋಟದಲ್ಲಿ, ಯಾರೂ ಸಂಕರ ಮಾಡದೆಯೇ, ಹಳೆಯ ತಳಿಯೊಂದರ ಮೊಗ್ಗಿನಲ್ಲಿ ತಾನಾಗಿ ಆದ ಆನುವಂಶಿಕ ಬದಲಾವಣೆಯಿಂದ ಹುಟ್ಟಿದ್ದು. ಒಣಗಾಲ ಮತ್ತು ಹಗಲು ಕಿರಿದಾಗುವಿಕೆ ಇದರ ಹೂಬಿಡುವಿಕೆಗೆ ಪ್ರಚೋದನೆ. ಆದ್ದರಿಂದ ಅಕ್ಟೋಬರಿನ ಬಳಿಕ ಎಲೆ ತುಸು ಜೋಲುವವರೆಗೂ ನೀರು ತಡೆದು, ಮತ್ತೆ ಕೊಟ್ಟು, ಮತ್ತೆ ತಡೆಯುವುದೇ ಸರಿ. ದಿನವೂ ನೀರುಂಡ ಬೋಗನ್‌ವಿಲ್ಲಾ ಬರಿಯ ಎಲೆ ಬೆಳೆಸುತ್ತದೆ.

ದುಂಡುಮಲ್ಲಿಗೆಗೂ ಇಂಥದೇ ವಿಶ್ರಾಂತಿ ಬೇಕೆಂಬುದನ್ನು ಉಡುಪಿ ಸಮೀಪದ ಶಂಕರಪುರದ ಮನೆಯಂಗಳಗಳಲ್ಲಿ ಮಲ್ಲಿಗೆ ಬೆಳೆದು ಬಾಳುವ ಕುಟುಂಬಗಳು ಚೆನ್ನಾಗಿ ಬಲ್ಲವು; ಮಳೆಗಾಲ ಮುಗಿದ ಮೇಲೆ ಗಿಡ ಸವರಿ, ಎಲೆ ಕಳಚಿ, ಬಳಿಕ ಗೊಬ್ಬರ ಮತ್ತು ನೀರು ಕೊಟ್ಟರೆ ಬೇಸಿಗೆಗೆ ಮೊಗ್ಗು ತುಂಬುತ್ತದೆ. ಕಾಬಾಳೆಯದು ಇದಕ್ಕೆ ವಿರುದ್ಧವಾದ ಸ್ವಭಾವ. ಆಲಿಪುರದ ಸಂಘದ ಕಾರ್ಯದರ್ಶಿಯಾಗಿದ್ದ ಸಿಡ್ನಿ ಪರ್ಸಿ-ಲ್ಯಾಂಕಾಸ್ಟರ್ ಅನೇಕ ಹೊಸ ತಳಿಗಳನ್ನು ಸೃಷ್ಟಿಸಿದ ಈ ಗಡ್ಡೆಯ ಗಿಡ ಜಿಗುಟು ಮಣ್ಣಿಗೂ ನಿಂತ ನೀರಿಗೂ ಅಂಜುವುದಿಲ್ಲ.

ಬಂಗಾಳದ ಮನೆತೋಟಗಳ ಮುಖ್ಯ ಗೊಬ್ಬರ ಸಾಸಿವೆ ಹಿಂಡಿ. ಕರ್ನಾಟಕದಲ್ಲಿ ಆ ಸ್ಥಾನ ಹೊಂಗೆ, ಬೇವು, ಕಡಲೆಕಾಯಿ ಹಿಂಡಿಗಳದು. ಹಿಂಡಿಯನ್ನು ಐದಾರು ದಿನ ನೀರಿನಲ್ಲಿ ಕೊಳೆಯಿಸಿ, ತಿಳಿಯನ್ನು ಹತ್ತರಿಂದ ಇಪ್ಪತ್ತು ಪಟ್ಟು ನೀರಿಗೆ ಬೆರೆಸಿ, ತೇವವಿರುವ ಮಣ್ಣಿಗೇ ಹಾಕಬೇಕು. ಒಣಮಣ್ಣಿಗೆ ಹಾಕಿದರೆ ಬೇರು ಸುಡುತ್ತದೆ. ಹಿಂಡಿಯಲ್ಲಿ ಸಾರಜನಕ ಹೆಚ್ಚು, ಪೊಟ್ಯಾಷ್ ಕಡಿಮೆ ಇರುವುದರಿಂದ ಮೊಗ್ಗಿನ ಕಾಲದಲ್ಲಿ ಒಂದಿಷ್ಟು ಪೊಟ್ಯಾಷ್ ಬೇರೆಯಾಗಿ ಕೊಡಬೇಕು. ಸುರಿಮಳೆಯ ದಿನಗಳಲ್ಲಿ ಹಿಂಡಿನೀರು ಶಿಲೀಂಧ್ರಕ್ಕೆ ಆಹಾರವಾಗುತ್ತದೆ, ಆಗ ನಿಲ್ಲಿಸುವುದೇ ಮೇಲು.

ಕೀಟಗಳಲ್ಲಿ ದಾಸವಾಳವನ್ನು ಹೆಚ್ಚು ಕಾಡುವುದು ಚಿಗುರಿನ ಬುಡದಲ್ಲಿ ಹತ್ತಿಯ ಎಳೆಗಳಂತೆ ಅಂಟಿಕೊಂಡು ರಸ ಹೀರುವ ಹಿಟ್ಟುತಿಗಣೆ. ಅದರ ಮೈಮೇಲಿನ ಮೇಣದ ಹೊದಿಕೆ ಔಷಧವನ್ನು ಜಾರಿಸಿಬಿಡುವುದರಿಂದ ಮೊದಲು ರಭಸದ ನೀರಿನಿಂದ ತೊಳೆದು, ಮುತ್ತಿಕೊಂಡ ತುದಿಗಳನ್ನು ಕತ್ತರಿಸಿ, ಆಮೇಲೆ ಲೀಟರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಕೆಲವು ಹನಿ ದ್ರವಸಾಬೂನಿನೊಂದಿಗೆ ಕದಡಿ ಸಂಜೆಯ ಹೊತ್ತು ಸಿಂಪಡಿಸಬೇಕು. ಇರುವೆಗಳು ತಿಗಣೆಯ ಸಿಹಿಸ್ರಾವಕ್ಕಾಗಿ ಅದನ್ನು ಕಾಯುತ್ತವೆ. ಇರುವೆಯ ಸಾಲು ಕಂಡರೆ ತಿಗಣೆಯನ್ನು ಹುಡುಕಬೇಕು. ಇದಕ್ಕಿಂತ ಗಂಭೀರವಾದದ್ದು ಕುಂಡದ ಕೆಳಗಿನ ತಟ್ಟೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಅಲ್ಲಿ ನಿಂತ ಇಂಥ ಸ್ವಚ್ಛ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ, ಅದರ ಮರಿಗಳು ವಾರ ಹತ್ತು ದಿನಗಳಲ್ಲಿ ರೆಕ್ಕೆ ಮೂಡಿ ಹಾರುತ್ತವೆ; ಮಳೆಗಾಲದಲ್ಲಿ ತಟ್ಟೆಗಳನ್ನು ತೆಗೆದೇ ಬಿಡಬೇಕು, ತಾವರೆಯ ತೊಟ್ಟಿ ಇದ್ದರೆ ಗಪ್ಪಿ ಮೀನು ಬಿಡಬೇಕು.  ತಾರಸಿಯಲ್ಲಿ ಕಣಗಿಲೆಯೂ ಇದ್ದರೆ, ಅದರ ಎಲ್ಲ ಭಾಗಗಳೂ ವಿಷವೆಂಬುದನ್ನು ಮಕ್ಕಳಿರುವ ಮನೆಯವರು ಮರೆಯಬಾರದು.

ಹನ್ನೆರಡು ಅಂಗುಲದ ಕುಂಡವೊಂದು ನೆನೆದಾಗ 20 ಕಿಲೋದಷ್ಟು ತೂಗುತ್ತದೆ. ತೊಲೆಗಳ ಮೇಲೆ ಸುಣ್ಣದ ಗಾರೆ ಹಾಕಿದ ಹಳೆಯ ತಾರಸಿಗಳಲ್ಲಿ ಕುಂಡಗಳನ್ನು ನಡುವೆ ಗುಂಪುಹಾಕದೆ, ಗೋಡೆಗಳ ನೆತ್ತಿಗೆ ಸಮೀಪದಲ್ಲಿ, ಇಟ್ಟಿಗೆಯ ಮೇಲೆ ಎತ್ತರಿಸಿ ಇಡಬೇಕು. ಮಾರ್ಚಿನಿಂದ ಮೇವರೆಗೆ ಸಂಜೆ ಎರಗುವ ಕಾಲ್‌ಬೈಶಾಖಿ ಬಿರುಗಾಳಿಗೆ ಕೈಪಿಡಿಗೋಡೆಯ ಮೇಲಿನ ಕುಂಡಗಳು ಬೀದಿಗೆ ಬೀಳಬಲ್ಲವು; 2020ರ ಮೇ 20ರ ಅಂಫಾನ್ ಚಂಡಮಾರುತ ಶಿಬ್‌ಪುರದ ಮಹಾ ಆಲದ ಮರಕ್ಕೇ ಹಾನಿ ಮಾಡಿತೆಂದರೆ ಕುಂಡಗಳ ಪಾಡೇನು?

ಮಣ್ಣೇ ಬೇಡದ ಹೂಗಳೂ ಈ ತಾರಸಿಗಳಲ್ಲಿವೆ. ಮಲೆನಾಡಿನಲ್ಲಿ ಸೀತಾಳೆದಂಡೆಯೆಂದು ಹೆಸರಾದ, ನರಿಬಾಲದಂಥ ಗೊಂಚಲಿನ ಆರ್ಕಿಡ್ ಪೂರ್ವ ಭಾರತದ ಕಾಡುಗಳದೂ ಹೌದು. ಮರದ ತುಂಡಿಗೆ ತೆಂಗಿನ ನಾರಿನೊಂದಿಗೆ ಕಟ್ಟಿ, ಅರೆನೆರಳಿನಲ್ಲಿ ತೂಗುಹಾಕಿ, ಬೇಸಿಗೆ ಮಳೆಗಾಲಗಳಲ್ಲಿ ದಿನವೂ ನೀರು ಚಿಮುಕಿಸಿ, ಚಳಿಗಾಲದಲ್ಲಿ ಬಹುಮಟ್ಟಿಗೆ ಒಣಗಲು ಬಿಟ್ಟರೆ ಅದು ವರ್ಷಕ್ಕೊಮ್ಮೆ, ಬೇಸಿಗೆಯ ದಿನಗಳಲ್ಲಿ ಹೂವಾಗುತ್ತದೆ. ಆದರೆ ರಸ್ತೆಬದಿಯಲ್ಲಿ ಮಾರಾಟಕ್ಕೆ ಬರುವ ಇಂಥ ಆರ್ಕಿಡ್‌ಗಳಲ್ಲಿ ಕಾಡಿನ ಮರದಿಂದ ಕಿತ್ತು ತಂದವೂ ಇರುತ್ತವೆ. ಆರ್ಕಿಡ್ ಕುಟುಂಬದ ಕಾಡು ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವು ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ; ಊರೊಳಗಿನ ಮಾರಾಟದ ಮೇಲೆ ನಿಗಾ ಇಡಬೇಕಾದವರು ಕೊಳ್ಳುವವರೇ. ಬೇರಿನಲ್ಲಿ ಮರದ ತೊಗಟೆ ಇನ್ನೂ ಅಂಟಿಕೊಂಡಿರುವ ಗಿಡವನ್ನು ಯಾರೇ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳದೆ, ನರ್ಸರಿಯಲ್ಲಿ ಬೆಳೆಸಿದ ಸಸಿಯನ್ನೇ ಕೇಳಿ ಪಡೆಯಬೇಕೆಂದು ಹೂಪ್ರಿಯರಲ್ಲಿ ವಿನಂತಿ.